ಕೇರಿಯನ್ನು ನಕ್ಷೆಯಲ್ಲಿ ಎಲ್ಲಿ ಬರೆಯುವುದು?

ಭೂಗೋಳದಷ್ಟು ಸಾಧುವಾದ ಪಾಠ ಶಾಲೆಯಲ್ಲಿ ಇನ್ನೊಂದಿಲ್ಲ ಎಂದು ಎಲ್ಲರೂ ನಂಬಿಕೊಂಡಿದ್ದಾರೆ. ಇತಿಹಾಸ ಅಂದರೆ ಜಗಳ ಬರುತ್ತದೆ. ಪಠ್ಯದಲ್ಲಿ ಯಾರು ಸೇರಿದರು, ಯಾರನ್ನು ಕೈಬಿಟ್ಟರು ಅಂತ 2022ರಲ್ಲಿ ನಮ್ಮ ರಾಜ್ಯದಲ್ಲಿ ಆದ ರಂಪ ಇನ್ನೂ ಕಿವಿಯಲ್ಲಿದೆ. ಆದರೆ ಶಿಲಾಗೋಳ, ವಾಯುಗೋಳ, ಜಲಗೋಳದ ವಿಷಯಕ್ಕೆ ಯಾರೂ ಬೀದಿಗೆ ಬಂದದ್ದನ್ನು ನಾನು ನೋಡಿಲ್ಲ. ಬೆಟ್ಟ ಬೆಟ್ಟವೇ, ಹೊಳೆ ಹೊಳೆಯೇ, ಅದರಲ್ಲಿ ಎಂಥಾ ಜಾತಿ, ಎಂಥಾ ರಾಜಕೀಯ ಅನ್ನುತ್ತಾರೆ. ನನಗೆ ಅನುಮಾನ ಶುರುವಾಗುವುದು ಇಲ್ಲಿಂದಲೇ.

ಇತಿಹಾಸದಲ್ಲಿ ಬಯ್ಯೋದಕ್ಕೆ ಒಬ್ಬ ರಾಜನಾದರೂ ಸಿಗುತ್ತಾನೆ. ಭೂಗೋಳದಲ್ಲಿ ಯಾರೂ ಸಿಗುವುದಿಲ್ಲ. ಅದರ ಕ್ರಿಯಾಪದಗಳನ್ನೇ ನೋಡಿ. ಚಿನ್ನ 'ದೊರೆಯುತ್ತದೆ'. ಭೂಮಿ 'ಹಂಚಿಕೆಯಾಗಿದೆ'. ಅಂತರ್ಜಲ 'ಕುಸಿದಿದೆ'. ಜನ 'ವಾಸಿಸುತ್ತಾರೆ'. ದೊರೆಯಿತು ಎಂದರೆ ಅಗೆದವನು ಯಾರು? ಹಂಚಿದ ಕೈ ಯಾವುದು? ನಮ್ಮ ಜನ ಊರಾಚೆ ವಾಸಿಸುತ್ತಾರೆ ಎಂದರೆ ಅದು ಹಕ್ಕಿ ಗೂಡು ಕಟ್ಟಿದ ಹಾಗೆ ಅವರೇ ಆರಿಸಿಕೊಂಡ ಜಾಗವೇ? ವ್ಯಾಕರಣದಲ್ಲಿ ಕರ್ತೃಪದ ಬಿಟ್ಟ ಹುಡುಗನಿಗೆ ಮಾರ್ಕ್ಸು ಕಳೆಯುತ್ತೇವೆ. ಭೂಗೋಳದಲ್ಲಿ ಕರ್ತೃವನ್ನು ಬಿಟ್ಟರೆ ಅದಕ್ಕೆ ವಿಜ್ಞಾನ ಎಂದು ಹೆಸರಿಡುತ್ತೇವೆ.

ಹಾಗಾಗಿ ನನ್ನ ಪ್ರಶ್ನೆ ಇದು. ಮನುಷ್ಯ ಮಾಡಿದ್ದನ್ನು ಪ್ರಕೃತಿಯ ಲೆಕ್ಕಕ್ಕೆ ಬರೆದು ಮಕ್ಕಳ ಕೈಗೆ ಕೊಡುವುದು ಸುಳ್ಳು ಹೇಳಿದ ಹಾಗಾಗುತ್ತದೆಯೋ ಇಲ್ಲವೋ? ಆಗುತ್ತದೆ ಎಂದೇ ನನ್ನ ತಿಳುವಳಿಕೆ. ಆದರೆ ಅದಕ್ಕಿಂತ ಕಷ್ಟದ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ನಿಜ ಹೇಳಲು ಹೊರಟಾಗ, ಮುಂದಿನ ಬೆಂಚಿನಲ್ಲಿ ಕೂತ ಹದಿಮೂರು ವರ್ಷದ ಕೇರಿಯ ಮಗುವಿನ ತಲೆ ತಗ್ಗದ ಹಾಗೆ ಅದನ್ನು ಹೇಳುವುದು ಹೇಗೆ?

ನಾನು ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕ. ಅತಿಥಿ ಅಂದರೆ ಊಟ ಹಾಕಿ ಕಳಿಸುವವರಲ್ಲ, ಸಂಬಳ ಯಾವ ತಿಂಗಳು ಬರುತ್ತದೋ ತಿಳಿಯದವನು. ಎಂಟು, ಒಂಬತ್ತನೇ ಕ್ಲಾಸಿಗೆ ಸಮಾಜ ವಿಜ್ಞಾನ ತೆಗೆದುಕೊಳ್ಳುತ್ತೇನೆ, ಅದರೊಳಗೆ ಭೂಗೋಳ. ನಮ್ಮ ಮನೆಯಲ್ಲಿ ಡಿಗ್ರಿಯ ಮುಖ ನೋಡಿದ ಮೊದಲನೆಯವನು ನಾನೇ. ನಮ್ಮ ತಾತ ನೀರುಗಂಟಿ. ಭೂಗೋಳ ಎಂಬ ಪದವನ್ನು ಆತ ಕೇಳಿದವನಲ್ಲ, ಆದರೆ ಕೆರೆಯ ಕೆಳಗಿನ ಅಚ್ಚುಕಟ್ಟಿನಲ್ಲಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕು ಎನ್ನುವುದು ಆತನ ಅಂಗಾಲಿಗೆ ಗೊತ್ತಿತ್ತು.

ನಮ್ಮ ಜಿಲ್ಲೆಯ ಪಾಠವನ್ನೇ ತೆಗೆದುಕೊಳ್ಳೋಣ. ವರ್ಷಕ್ಕೆ ಇಲ್ಲಿ ಬೀಳುವ ಮಳೆ ಹೆಚ್ಚುಕಡಿಮೆ 700 ಮಿಲಿಮೀಟರ್. ಆಗುಂಬೆಯಲ್ಲಿ ಅದರ ಹತ್ತು ಪಟ್ಟು. ಅರಬ್ಬೀ ಸಮುದ್ರದ ಕಡೆಯಿಂದ ಬರುವ ಮೋಡವನ್ನು ಪಶ್ಚಿಮಘಟ್ಟ ತಡೆದು ಹಿಂಡಿಕೊಳ್ಳುತ್ತದೆ, ಬಯಲಿಗೆ ಉಳಿದದ್ದು ಮಾತ್ರ ದಾಟಿ ಬರುತ್ತದೆ. ಇದನ್ನು ಯಾವ ಗೌಡನೂ ಮಾಡಲಿಲ್ಲ, ಯಾವ ಪುರೋಹಿತನೂ ಮಾಡಲಿಲ್ಲ. ನಂದಿಬೆಟ್ಟದ ಸುತ್ತಮುತ್ತ ಹುಟ್ಟುವ ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಮೂರೂ ಆಂಧ್ರ ಮತ್ತು ತಮಿಳುನಾಡಿನ ಕಡೆ ಹರಿದುಹೋಗುತ್ತವೆ. ಇದೂ ಇಳಿಜಾರಿನ ಕೆಲಸ. ಇಲ್ಲಿಯವರೆಗೆ ಪುಸ್ತಕ ಹೇಳುವುದು ಸತ್ಯ, ಅದನ್ನು ಅಷ್ಟೇ ಸತ್ಯವಾಗಿ ಕಲಿಸಬೇಕು. ಎಲ್ಲದಕ್ಕೂ ಉಳ್ಳವರೇ ಕಾರಣ ಎಂದು ಕೂಗುವ ಮೇಷ್ಟ್ರು ಮಳೆಯನ್ನೂ ಅವರ ಖಾತೆಗೇ ಬರೆದುಬಿಡುತ್ತಾನೆ. ಅದು ಸೋಮಾರಿತನ.

ಆದರೆ ಹೊಳೆ ಇಲ್ಲದ ಈ ನೆಲದಲ್ಲಿ ಜನ ಕೆರೆ ಕಟ್ಟಿದರು. ಒಂದರ ಕೋಡಿ ಬಿದ್ದರೆ ಅದರ ನೀರು ಕೆಳಗಿನ ಕೆರೆಗೆ, ಅದರದು ಇನ್ನೊಂದಕ್ಕೆ, ಹೀಗೆ ಸಾಲುಸಾಲು ಕೆರೆ. ಮಣ್ಣು ಹೊತ್ತವರು ಯಾರೆಂದು ಶಾಸನದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಕಟ್ಟಿಸಿದವನ ಹೆಸರಿರುತ್ತದೆ. ಕಟ್ಟಿದ ಮೇಲೆ ತೂಬು ಎತ್ತುವವನು, ಕಾಲುವೆ ಕಾಯುವವನು, ಮಳೆಗಾಲದ ರಾತ್ರಿ ಏರಿಯ ಮೇಲೆ ನಿಂತು ಬಿರುಕು ನೋಡುವವನು ನೀರುಗಂಟಿ. ನಮ್ಮ ಸೀಮೆಯಲ್ಲಿ ಬಹಳ ಕಡೆ ಅವನು ಕೇರಿಯವನು. ಕಣದಲ್ಲಿ ರಾಶಿ ಆದಾಗ ಅವನಿಗೆ ಇಷ್ಟು ಕಾಳು ಎಂದು ಅಳೆದು ಹಾಕುತ್ತಿದ್ದರು. ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾನೂನು ಬಂದಮೇಲೂ ರೂಢಿ ಎಷ್ಟೋ ಊರಲ್ಲಿ ನಡೆಯಿತು. ನೋಡಿ, ಇಡೀ ಊರಿನ ನೀರು ಅವನ ಕೈಯ ಕೆಳಗೆ. ಅದೇ ಕೆರೆಯ ನೀರು ನೆಲದಲ್ಲಿ ಇಳಿದು, ಜಿನುಗಿ, ಊರ ಬಾವಿಗೆ ಬಂದಮೇಲೆ ಅವನು ಮುಟ್ಟುವ ಹಾಗಿಲ್ಲ. ಜಲಗೋಳದ ಪಾಠದಲ್ಲಿ ಮಳೆ, ಇಂಗುವಿಕೆ, ಅಂತರ್ಜಲ ಎಂದು ಬಾಣದ ಗುರುತು ಹಾಕಿ ಚಿತ್ರ ಬರೆಯುತ್ತೇವಲ್ಲ, ಆ ಚಿತ್ರದಲ್ಲಿ ಯಾವ ಆಳಕ್ಕೆ ಹೋದಾಗ ನೀರಿಗೆ ಮಡಿ ಬಂತು? ಈ ಪ್ರಶ್ನೆಯನ್ನು ನಾನು ಕ್ಲಾಸಿನಲ್ಲಿ ಕೇಳುತ್ತೇನೆ. ಮಕ್ಕಳು ನಗುತ್ತಾರೆ. ಆ ನಗು ಒಳ್ಳೆಯ ನಗು. ಅದು ಯಾರ ಮೇಲೂ ಬೀಳುವುದಿಲ್ಲ, ಮಡಿಯ ಮೇಲೆ ಬೀಳುತ್ತದೆ.

ಕೆರೆಯ ಪಾಠದಲ್ಲೇ ಮಹಾಡ್ ಬರಬೇಕು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರ ಜೊತೆ ನಡೆದುಹೋಗಿ ಚವದಾರ್ ಕೆರೆಯ ನೀರು ಕುಡಿದದ್ದನ್ನು ಇತಿಹಾಸದವರಿಗೆ ಬಿಟ್ಟುಕೊಟ್ಟಿದ್ದೇವೆ. ಸಾರ್ವಜನಿಕ ಕೆರೆ ಎಂದರೇನು, ಅದರ ದಂಡೆಗೆ ಯಾರ ಕಾಲು ಹೋಗಬಹುದು ಎನ್ನುವುದು ಜಲಸಂಪನ್ಮೂಲದ ವಿಷಯ ಅಲ್ಲದೆ ಇನ್ನೇನು?

ಈಗ ಕೆರೆಗಳು ಒಣಗಿದವು, ರಾಜಕಾಲುವೆ ಮುಚ್ಚಿದವು, ನೀಲಗಿರಿ ತೋಪು ಎದ್ದವು, ಬೋರ್‌ವೆಲ್ಲು ಸಾವಿರ ಅಡಿ ದಾಟಿದವು. ಎಷ್ಟೋ ಕಡೆ ಬರುವ ನೀರಿನಲ್ಲಿ ಫ್ಲೋರೈಡು. 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಕೆರೆ ತುಂಬಿದ್ದು ನೋಡಿ ಕಣ್ಣು ತುಂಬಿದ ರೈತರೂ ಇದ್ದಾರೆ, ನೊರೆ ನೋಡಿ ಹೆದರಿದವರೂ ಇದ್ದಾರೆ. ಪುಸ್ತಕದ ಭಾಷೆಯಲ್ಲಿ ಇದೆಲ್ಲ 'ಅಂತರ್ಜಲದ ಕುಸಿತ'. ಸಾವಿರ ಅಡಿ ಕೊರೆಸಲು ಯಾರ ಹತ್ತಿರ ದುಡ್ಡಿತ್ತು? ಅರ್ಧ ಎಕರೆಯವನ ಬಾವಿ ಯಾರ ಪಂಪಿನಿಂದ ಬತ್ತಿತು? ಕುಸಿಯಿತು ಅಂದುಬಿಟ್ಟರೆ ಮೇಲ್ಛಾವಣಿ ತಾನಾಗಿ ಬಿದ್ದ ಹಾಗೆ ಕೇಳುತ್ತದೆ.

ಖನಿಜದ ಪಾಠಕ್ಕೆ ಬನ್ನಿ. ಬಹಳ ಕಾಲ ನಮ್ಮ ಜಿಲ್ಲೆಗೆ ನಕ್ಷೆಯಲ್ಲಿ ಇದ್ದ ಮರ್ಯಾದೆ ಒಂದೇ, ಚಿನ್ನದ ಒಂದು ಹಳದಿ ಚುಕ್ಕೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದಮೇಲೆ ಕೆ.ಜಿ.ಎಫ್. ನೆಲದಿಂದ ಹೊರಬಂದ ಚಿನ್ನ ಸುಮಾರು 800 ಟನ್. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿಯಿತು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಇಷ್ಟನ್ನು ಮಕ್ಕಳು ಹೆಮ್ಮೆಯಿಂದ ಬಾಯಿಪಾಠ ಹೇಳುತ್ತಾರೆ. ಹೇಳಲಿ. ಆದರೆ ಆ ಮೂರು ಕಿಲೋಮೀಟರ್ ಕತ್ತಲೆಗೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತರು. ಬಂಡೆಯ ದೂಳು ಕುಡಿದ ಶ್ವಾಸಕೋಶ ಕಲ್ಲಾಗುವುದಕ್ಕೆ ಸಿಲಿಕೋಸಿಸ್ ಎಂದು ಹೆಸರು. ನೆಲದಡಿಯ ಉಷ್ಣಾಂಶ ಆಳಕ್ಕೆ ಹೋದಹಾಗೆ ಏರುತ್ತದೆ ಎಂದು ಶಿಲಾಗೋಳದಲ್ಲಿ ಓದಿಸುತ್ತೇವೆ. ಆ ಉಷ್ಣಾಂಶ ಒಬ್ಬ ಮನುಷ್ಯನ ಮೈಮೇಲೆ ದಿನಕ್ಕೆ ಒಂದು ಪಾಳಿ ಕೆಲಸ ಮಾಡಿತು ಎನ್ನುವುದನ್ನೂ ಅಲ್ಲೇ ಓದಿಸಿದರೆ ಯಾವ ವಿಜ್ಞಾನಕ್ಕೆ ಧಕ್ಕೆ? 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದದ್ದು ಸೈನೈಡ್ ದಿಬ್ಬ, ಮತ್ತು ಕತ್ತಲಿರುವಾಗಲೇ ಬೆಂಗಳೂರಿನ ರೈಲು ಹಿಡಿಯುವ ಸಾವಿರಾರು ಜನ. ಈಗ ರಾಜ್ಯದಲ್ಲಿ ಚಿನ್ನ ತೆಗೆಯುವುದು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ. ಹಳದಿ ಚುಕ್ಕೆ ಅಲ್ಲಿಗೆ ಹೋಯಿತು. ಜನ ಎಲ್ಲಿಗೆ ಹೋದರು ಎಂದು ಹುಡುಗರನ್ನು ಕೇಳಿದರೆ ಅವರಿಗೆ ಗೊತ್ತು, ಪುಸ್ತಕಕ್ಕೆ ಗೊತ್ತಿಲ್ಲ.

ಇಷ್ಟೂ ದೂರದ ಮಾತು. ಕೆ.ಜಿ.ಎಫ್. ಬಗ್ಗೆ ಎಷ್ಟು ಖಾರವಾಗಿ ಹೇಳಿದರೂ ಕ್ಲಾಸಿನಲ್ಲಿ ಯಾರ ಮುಖವೂ ಬಾಡುವುದಿಲ್ಲ. ಸಂಕಟ ಬರುವುದು 'ನಿಮ್ಮ ಊರಿನ ನಕ್ಷೆ ಬರೆಯಿರಿ' ಎನ್ನುವ ಚಟುವಟಿಕೆಯಲ್ಲಿ. ಶಾಲೆ, ದೇವಸ್ಥಾನ, ಪಂಚಾಯ್ತಿ ಆಫೀಸು, ಕೆರೆ, ಬಸ್‌ಸ್ಟಾಪು, ಹಾಲಿನ ಡೈರಿ. ಪಕ್ಕದಲ್ಲಿ ಚಿಹ್ನೆಗಳ ಸೂಚಿ. ಗುಡಿಗೆ ಚಿಹ್ನೆ ಉಂಟು, ಮಸೀದಿಗೆ ಉಂಟು, ಚರ್ಚಿಗೆ ಉಂಟು, ಬಾವಿಗೆ ಉಂಟು, ಕೇರಿಗೆ ಇಲ್ಲ. ಕೇರಿಯ ಒಬ್ಬಳು ಹುಡುಗಿ ಬಹಳ ಚೆಂದದ ನಕ್ಷೆ ತಂದಳು, ದೇವಸ್ಥಾನದ ಗೋಪುರಕ್ಕೆ ಬಣ್ಣ ಬೇರೆ. ಕೆಳಗಡೆ ಮೂರು ಬೆರಳು ಅಗಲ ಖಾಲಿ ಬಿಟ್ಟಿದ್ದಳು. ನಿಮ್ಮ ಮನೆ ಎಲ್ಲಮ್ಮಾ ಅಂದರೆ, "ಹಾಳೆ ಸಾಲಲಿಲ್ಲ ಸಾರ್" ಅಂದಳು.

ಇದನ್ನು ಸ್ಟಾಫ್‌ರೂಮಿನಲ್ಲಿ ಹೇಳಿದಾಗ ಒಬ್ಬ ಹಿರಿಯರು ಬುದ್ಧಿ ಹೇಳಿದರು. "ಮಕ್ಕಳಲ್ಲಿ ಭೇದ ಅನ್ನೋದೇ ಇಲ್ಲಪ್ಪ, ನೀನು ಕೆದಕಿ ಕೆದಕಿ ತುಂಬಬೇಡ. ಪೋರ್ಷನ್ ಮುಗಿಸು." ಈ ಮಾತಿಗೆ ಉತ್ತರ ಸುಲಭ. ಭೇದ ಇಲ್ಲದಿದ್ದರೆ ಹಾಳೆ ಸಾಲುತ್ತಿತ್ತು.

ಆದರೆ ಮನೆಯಲ್ಲಿ ನಮ್ಮಮ್ಮ ಹೇಳಿದ ಮಾತಿಗೆ ಉತ್ತರ ಅಷ್ಟು ಸುಲಭ ಅಲ್ಲ. "ನಾವು ಎಲ್ಲಿದೀವಿ ಅಂತ ಆ ಕೂಸುಗಳಿಗೆ ಗೊತ್ತಿಲ್ವೇನಪ್ಪ? ದಿನಾ ನಡ್ಕೊಂಡು ಬತ್ತವೆ. ನೀನು ಅದನ್ನ ಬೋರ್ಡ್ ಮೇಲೆ ಬರೆದು ಎಲ್ರೂ ನೋಡ್ಬೇಕಾ? ಸ್ಕೂಲಲ್ಲಿರೋ ಆರು ಗಂಟೆ ಆದ್ರೂ ಮರ್ತು ಕೂತಿರ್ಲಿ." ಅಮ್ಮ ಹೇಳಿದ್ದರಲ್ಲಿ ಹೆದರಿಕೆ ಇಲ್ಲ. ಒಂದು ನ್ಯಾಯ ಇದೆ. ಸತ್ಯ ಎಂದ ಮಾತ್ರಕ್ಕೆ ಅದನ್ನು ಯಾರ ಮೈಮೇಲೆ ಬೇಕಾದರೂ ಇಟ್ಟು ತೋರಿಸುವ ಹಕ್ಕು ಮೇಷ್ಟ್ರಿಗೆ ಬಂದುಬಿಡುತ್ತದೆಯೇ? ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳನ್ನು ಕರೆತಂದು ರೋಗಿಯ ಹೊದಿಕೆ ಸರಿಸಿ ಗಾಯ ತೋರಿಸುವ ಡಾಕ್ಟರುಗಳಿರುತ್ತಾರೆ. ಹುಡುಗರು ಕಲಿಯುತ್ತಾರೆ, ರೋಗಿ ಗೋಡೆಯ ಕಡೆ ತಿರುಗಿಕೊಳ್ಳುತ್ತಾನೆ. ನಮ್ಮ ಕಡೆಯ ಕೆಲವು ಪ್ರಗತಿಪರ ಮೇಷ್ಟ್ರುಗಳೂ ಹೀಗೇ. ಕೇರಿಯ ಹುಡುಗನನ್ನು ನಿಲ್ಲಿಸಿ 'ನಿನ್ನ ಅನುಭವ ಹೇಳು' ಅನ್ನುತ್ತಾರೆ. ಅವನ ನೋವಿನ ಮೇಲೆ ಇವರ ಪಾಠ ಜೋರಾಗಿ ನಡೆಯುತ್ತದೆ. (ಕವಿಗಳು ಇದಕ್ಕಿಂತ ಕಮ್ಮಿ ಏನಲ್ಲ ಬಿಡಿ. ಆ ಪಟ್ಟಿಯಲ್ಲಿ ನಾವೂ ಇದ್ದೇವೆ.)

ಹಾಗೆಂದು ಮರೆತು ಕೂತಿರಲಿ ಅನ್ನುವುದನ್ನೂ ಒಪ್ಪಲಾರೆ. ಆ ಹುಡುಗಿ ಮರೆತು ಕೂತಿರಲಿಲ್ಲ. ಮರೆತವಳು ಅಳತೆ ಮಾಡಿ ಮೂರು ಬೆರಳು ಜಾಗ ಬಿಡುವುದಿಲ್ಲ. ನಾವು ಬಾಯಿ ಮುಚ್ಚಿಕೊಂಡರೆ ಅವಳಿಗೆ ಸಿಗುವುದು ಮರೆವಲ್ಲ, ಒಂಟಿತನ. ಇಡೀ ಕ್ಲಾಸಿಗೆ ಗೊತ್ತಿರುವ ಸಂಗತಿಯನ್ನು ಅವಳೊಬ್ಬಳೇ ಬಚ್ಚಿಡುವ ಕೆಲಸ ಹೊತ್ತಿರುತ್ತಾಳೆ.

ಇಲ್ಲಿ ಭೂಗೋಳಕ್ಕೆ ಒಂದು ಅನುಕೂಲ ಇದೆ. ಕತೆ, ಪದ್ಯ, ಭಾಷಣ ಎಲ್ಲಕ್ಕೂ ಒಬ್ಬ ಮನುಷ್ಯ ಬೇಕು. ಭೂಗೋಳಕ್ಕೆ ಜಾಗ ಸಾಕು. ಮಗುವನ್ನು ಎಬ್ಬಿಸಿ ನಿಲ್ಲಿಸಬೇಕಾಗಿಲ್ಲ, ದಾರಿಯನ್ನು ನಿಲ್ಲಿಸಿ ಕೇಳಬಹುದು. ಚರಂಡಿಯನ್ನು ಕೇಳಬಹುದು. ನೀರಿನ ಟ್ಯಾಂಕನ್ನು, ಅದರ ಪೈಪನ್ನು, ಪೈಪಿನ ಕೊನೆಯ ನಲ್ಲಿಯನ್ನು ಕೇಳಬಹುದು. ಅವಕ್ಕೆ ನಾಚಿಕೆ ಇಲ್ಲ, ಅವು ಸುಳ್ಳೂ ಹೇಳುವುದಿಲ್ಲ. 'ನೀನು ಯಾಕೆ ಅಲ್ಲಿದ್ದೀಯ' ಅನ್ನುವುದು ಒಂದು ಪ್ರಶ್ನೆ. 'ಈ ಗೆರೆ ಯಾಕೆ ಇಲ್ಲಿದೆ' ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮಗು ಉತ್ತರ ಕೊಡಬೇಕಾಗುತ್ತದೆ. ಎರಡನೆಯದಕ್ಕೆ ಗೆರೆ ಎಳೆದವರು ಕೊಡಬೇಕಾಗುತ್ತದೆ.

ಆದ್ದರಿಂದ ನಾವು ಅಳೆದೆವು. 33 ಅಡಿ ಉದ್ದದ ಒಂದು ಹಗ್ಗ, ಅದಕ್ಕೆ ಆಣೆ ಲೆಕ್ಕದಲ್ಲಿ ಗಂಟು. ನಮ್ಮ ಭೂಮಾಪನದ ಸರಪಳಿ ಅಷ್ಟೇ ಉದ್ದ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ 1,089 ಚದರಡಿ, ಅದು ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ಸ್ಕೇಲು, ಪ್ರಮಾಣ ಎಂದು ಪುಸ್ತಕದಲ್ಲಿ ಎರಡು ಪುಟ ಓದಿಸಿದರೂ ತಲೆಗೆ ಹೋಗದಿದ್ದದ್ದು ಗುಂಟೆ ಅಂದ ಕೂಡಲೇ ಹೋಯಿತು, ಯಾಕೆಂದರೆ ಗುಂಟೆ ಲೆಕ್ಕದ ಜಗಳ ಕೇಳದ ಮನೆ ನಮ್ಮ ಊರಲ್ಲಿಲ್ಲ. ಎತ್ತರ ಅಳೆಯಲು ನೀರು ತುಂಬಿದ ಲೆವೆಲ್ ಪೈಪು. ಗಾರೆ ಕೆಲಸದವರು ಬಳಸುತ್ತಾರಲ್ಲ, ಅದು. ಇಲ್ಲಿ ಒಂದು ಸಂಗತಿ ಆಯಿತು. ಪೈಪು ಹಿಡಿಯಲು ಊರ ಹುಡುಗರಿಗೆ ಬರಲಿಲ್ಲ. ಗಾಳಿಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ ಎಂದು ತೋರಿಸಿಕೊಟ್ಟದ್ದು ಕೇರಿಯ ಹುಡುಗರು. ಅವರ ಅಪ್ಪಂದಿರು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟುಗಳ ಮಟ್ಟ ನೋಡುತ್ತಾರೆ. ಸಮೋನ್ನತ ರೇಖೆ ಎಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ ಎಂದು ಆವತ್ತು ನಾನು ವಿವರಿಸಬೇಕಾಗಲಿಲ್ಲ.

ಗುಡಿಯ ಮುಂದಿನ ಕಲ್ಲಿಗೂ ಕೇರಿಯ ಕೊನೆಯ ಮನೆಯ ಹೊಸಿಲಿಗೂ ಒಂದು ಆಳಿನ ಎತ್ತರಕ್ಕಿಂತ ಹೆಚ್ಚು ತಗ್ಗು ಬಂತು. ಊರ ಚರಂಡಿ ಆ ತಗ್ಗಿನ ಕಡೆಗೇ ಹೋಗುತ್ತದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನ ಪೈಪೂ ಆ ಕಡೆಗೇ ಹೋಗುತ್ತದೆ, ಆದರೆ ಊರಿನವರ ಸಂಪುಗಳು ತುಂಬಿದಮೇಲೆ. ನೀರು ತಗ್ಗಿಗೆ ಹರಿಯುತ್ತದೆ ಎನ್ನುವುದು ಭೌತನಿಯಮ. ಕೊಳಕು ನೀರು ಮೊದಲು ಬಂದು ಕುಡಿಯುವ ನೀರು ಕೊನೆಗೆ ಬರುವುದು ಯಾವ ನಿಯಮ? ಯಾರ ಜಾತಿಯ ಹೆಸರನ್ನೂ ಯಾರೂ ಎತ್ತಲಿಲ್ಲ. ಹಗ್ಗ ಮತ್ತು ಪೈಪು ಮಾತಾಡಿದವು.

ಆಗ ಊರ ಹುಡುಗನೊಬ್ಬ ಹೇಳಿದ. "ಸಾರ್, ಇದನ್ನ ನಾವು ಮಾಡಿಲ್ಲ." ಅವನ ದನಿಯಲ್ಲಿ ಜಂಬ ಇರಲಿಲ್ಲ, ದುಃಖ ಇತ್ತು. ಅವನಿಗೂ ಹದಿಮೂರು. ಅವನ ತಲೆಯನ್ನು ತಗ್ಗಿಸುವುದಕ್ಕೂ ನನಗೆ ಸಂಬಳ ಕೊಡುತ್ತಿಲ್ಲ. ಹೊಳೆಯ ಉದಾಹರಣೆ ನಾಲಿಗೆ ತುದಿಗೆ ಬಂತು. ಯಾವುದೋ ಕಾಲದ ನೆರೆ ತಂದು ಹಾಕಿದ ಮೆಕ್ಕಲು ಮಣ್ಣಿನಲ್ಲಿ ಇವತ್ತಿನವನು ಬೆಳೆ ತೆಗೆಯುತ್ತಾನೆ ಅಂತ. ಆದರೆ ಮತ್ತೆ ಮನುಷ್ಯರ ಕೆಲಸವನ್ನು ಹೊಳೆಯ ತಲೆಗೇ ಕಟ್ಟಿದ ಹಾಗಾಗುತ್ತದಲ್ಲ ಎಂದು ಅದನ್ನು ಬಿಟ್ಟು ಪಹಣಿಯ ಮಾತು ಆಡಿದೆ. ನಿಮ್ಮ ತಾತನ ಹೊಲ ನೀನು ಸಂಪಾದಿಸಿದ್ದಲ್ಲ, ಆದರೂ ಪೌತಿ ಖಾತೆ ಆದಾಗ ನಿನ್ನ ಹೆಸರಿಗೆ ಬರುತ್ತೆ, ಅಲ್ಲವಾ? ಅದರ ಮೇಲೆ ಸಾಲ ಇದ್ದರೆ? "ಅದೂ ಬರುತ್ತೆ ಸಾರ್" ಅಂದ. ಸಾಲ ಮಾಡಿದ್ದು ನೀನಲ್ಲ. "ಆದರೂ ತೀರಿಸಬೇಕು." ಅಷ್ಟಕ್ಕೇ ಬಿಟ್ಟೆ. ತಪ್ಪು ಮಾಡಿದವನು ಬೇರೆ, ಲೆಕ್ಕ ಕೊಡಬೇಕಾದವನು ಬೇರೆ ಎನ್ನುವುದು ರೈತರ ಮಕ್ಕಳಿಗೆ ತತ್ವಶಾಸ್ತ್ರದ ಮೇಷ್ಟ್ರಿಗಿಂತ ಬೇಗ ತಿಳಿಯುತ್ತದೆ.

ಅಳತೆಯ ವಿಷಯದಲ್ಲಿ ಇನ್ನೊಂದು ಹೇಳಬೇಕು. ಸರ್ವೇ ಎಂದ ಕೂಡಲೇ ಮಕ್ಕಳಿಗೆ ಲ್ಯಾಂಬ್ಟನ್ ಹೆಸರು ಬರುತ್ತದೆ, 1802ರಲ್ಲಿ ಮದರಾಸಿನಲ್ಲಿ ಶುರುವಾದ ದೊಡ್ಡ ತ್ರಿಕೋನಮಿತಿ ಸರ್ವೇ ಬರುತ್ತದೆ. ಆದರೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಗಡಿಜಗಳ ಬಂದಾಗ ತೀರ್ಮಾನಕ್ಕೆ ಕರೆಯುತ್ತಿದ್ದದ್ದು ಹೊಲೆಯರ ಕುಳವಾಡಿಯನ್ನು. ಇದನ್ನು 19ನೇ ಶತಮಾನದಲ್ಲಿ ಒಬ್ಬ ಬಿಳಿಯ ಅಧಿಕಾರಿ ಬರೆದಿಟ್ಟ, ಥರ್ಸ್ಟನ್ 1909ರ ತನ್ನ ಸಂಪುಟಗಳಲ್ಲಿ ಸೇರಿಸಿಕೊಂಡ. ಊರಿನ ಮಣ್ಣಿನ ಉಂಡೆಯನ್ನು ತಲೆಯ ಮೇಲೆ ಹೊತ್ತು ಕುಳವಾಡಿ ಗಡಿಯ ಉದ್ದಕ್ಕೂ ನಡೆಯಬೇಕು. ಸರಿಯಾದ ಗೆರೆಯಲ್ಲಿ ನಡೆದರೆ ಉಂಡೆ ನಿಲ್ಲುತ್ತದೆ, ತಪ್ಪಿದರೆ ಒಡೆಯುತ್ತದೆ, ಅವನ ಮನೆ ಹಾಳಾಗುತ್ತದೆ ಎಂಬ ನಂಬಿಕೆ. ಉಂಡೆ ಒಡೆಯುವುದು, ಮನೆ ಹಾಳಾಗುವುದು ಎಲ್ಲ ಮೂಢನಂಬಿಕೆ, ಅದನ್ನು ಎತ್ತಿ ಮೆರೆಸುವುದು ಬೇಡ. ಬಡವನ ತಲೆಯ ಮೇಲೆ ಶಾಪ ಇಟ್ಟು ತಮ್ಮ ಜಗಳ ತೀರಿಸಿಕೊಂಡರು ಅನ್ನುವುದೂ ಅದರೊಳಗೆ ಇದೆ. ಆದರೂ ಊರಿನ ಎಲ್ಲೆ ಎಲ್ಲಿದೆ ಎಂಬ ತಿಳಿವು ಎಲ್ಲೆಯ ಹೊರಗಿಟ್ಟವನ ತಲೆಯಲ್ಲಿತ್ತು ಎನ್ನುವುದು ಉಳಿಯುತ್ತದಲ್ಲ. ನೆಲ ಗೊತ್ತಿದ್ದವನಿಗೆ ನೆಲ ಇರಲಿಲ್ಲ. ಪುಸ್ತಕ ಭೂಮಿಯನ್ನು ತಾಯಿ ಅನ್ನುವಾಗೆಲ್ಲ ನನಗೆ ಈ ಕುಳವಾಡಿ ನೆನಪಾಗುತ್ತಾನೆ.

ಇಷ್ಟು ಓದಿ, ಭೂಗೋಳವನ್ನು ಹಳ್ಳಿಯಿಂದಲೇ ಕಲಿಸಬೇಕು, ಸ್ಥಳೀಯ ಜ್ಞಾನ ದೊಡ್ಡದು, ಭಾರತದ ನಕ್ಷೆ ಬಾಯಿಪಾಠ ಮಾಡಿಸುವುದು ತಪ್ಪು ಎಂದು ಯಾರಾದರೂ ಖುಷಿಪಟ್ಟರೆ ನಾನು ಅವರ ಜೊತೆ ಇಲ್ಲ. ಹಳ್ಳಿಯನ್ನು ಕೊಂಡಾಡುವವರ ವಿಷಯದಲ್ಲಿ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಖಂಡತುಂಡವಾಗಿ ಹೇಳಿದ್ದಾರೆ. ಊರ ಮಗುವಿಗೆ 'ನಮ್ಮೂರು' ಬೆಚ್ಚಗಿನ ಪಾಠ. ಕೇರಿಯ ಮಗುವಿಗೆ ಅದು ಬೇಲಿ. ಬೇಲಿ ಎಲ್ಲಿದೆ ಎಂದು ಅಳೆಯಬೇಕು ನಿಜ, ಅಳೆದು ಅಲ್ಲೇ ಕೂರಬಾರದು. ಅವಳಿಗೆ ದೂರದ ನಕ್ಷೆ ಬೇರೆ ಎಲ್ಲರಿಗಿಂತ ಹೆಚ್ಚು ಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಭಾರತದ ನಕ್ಷೆ ಬರೆದು ಗುರುತಿಸುವ ಪ್ರಶ್ನೆಗೆ ಪೂರ್ತಿ ಅಂಕ ಅವಳಿಗೆ ಬರಬೇಕು. 82½ ಡಿಗ್ರಿ ಪೂರ್ವ ರೇಖಾಂಶ ಎಲ್ಲಿ ಹಾಯುತ್ತದೆ, ನರ್ಮದೆ ಯಾವ ಸಮುದ್ರಕ್ಕೆ ಸೇರುತ್ತದೆ, ರೈಲು ಎಲ್ಲಿ ಬದಲಾಯಿಸಬೇಕು ಎಲ್ಲವೂ ಗೊತ್ತಿರಬೇಕು. ಪ್ರಪಂಚದ ನಕ್ಷೆಯೂ ಯಾರೋ ಬರೆದದ್ದೇ ಎಂದು ತಿಳಿಯುವುದು ಅವಳಿಗೆ ಬಿಡುಗಡೆ. ಗೋಡೆಯ ಮೇಲಿನ ಮರ್ಕೇಟರ್ ನಕ್ಷೆ 1569ರಲ್ಲಿ ಹಡಗಿನವರಿಗಾಗಿ ರೂಪಿಸಿದ ಬಗೆಯದು. ಅದರಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕದಷ್ಟೇ ಕಾಣುತ್ತದೆ. ನಿಜದಲ್ಲಿ ಆಫ್ರಿಕ ಅದರ ಸುಮಾರು ಹದಿನಾಲ್ಕು ಪಟ್ಟು. ಇದನ್ನು ಗ್ಲೋಬಿನ ಮೇಲೆ ತೋರಿಸಿದ ದಿನ ಕ್ಲಾಸು ಹೋ ಎಂದು ಕೂಗಿತು. ಇಷ್ಟು ದೊಡ್ಡ ಖಂಡವನ್ನೇ ಕುಗ್ಗಿಸಲು ಬರುವುದಾದರೆ ಒಂದು ಕೇರಿ ಯಾವ ಲೆಕ್ಕ ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು.

ನಕ್ಷೆಯಲ್ಲಿ ಇರುವುದು, ಇಲ್ಲದಿರುವುದು ಬರೀ ಕಾಗದದ ಮಾತಲ್ಲ. ಕಂದಾಯ ದಾಖಲೆಯಲ್ಲಿ ಗ್ರಾಮ ಅಂತ ಇಲ್ಲದ ಹಟ್ಟಿ, ಹಾಡಿ, ತಾಂಡಾಗಳಲ್ಲಿ ತಲೆಮಾರುಗಳಿಂದ ಜನ ಇದ್ದಾರೆ. ಬಾಳಿದ ಮನೆ ಅವರದು ಎನ್ನುವುದಕ್ಕೆ ಚೀಟಿ ಇರುವುದಿಲ್ಲ. 2023ರ ಜನವರಿಯಲ್ಲಿ ಕಲ್ಯಾಣ ಕರ್ನಾಟಕದ ಕಡೆ ಐವತ್ತು ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟಾಗ ಅದು ದೊಡ್ಡ ಸುದ್ದಿಯಾಯಿತು. ಸುದ್ದಿಯಾಗಲು ಸ್ವಾತಂತ್ರ್ಯ ಬಂದು 75 ವರ್ಷ ಕಳೆಯಬೇಕಾಯಿತು ಎನ್ನುವುದನ್ನು ಜೊತೆಗೇ ಓದಿಕೊಳ್ಳಬೇಕು.

ನಮ್ಮ ಹುಡುಗರ ನಕ್ಷೆ ಈಗ ಬಹುಪಾಲು ಮುಗಿದಿದೆ. ನಾಲ್ಕು ಡ್ರಾಯಿಂಗ್ ಶೀಟು ಅಂಟಿಸಿದ್ದಾರೆ, ಹಾಳೆ ಸಾಲದು ಅನ್ನುವ ಮಾತು ಬಾರದಿರಲಿ ಅಂತ. ಒಂದು ಸರಪಳಿಗೆ ಒಂದು ಸೆಂಟಿಮೀಟರ್. ಕೇರಿಯ ಮನೆಗಳನ್ನೆಲ್ಲ ಅಳೆದು ಕೂರಿಸಿದ್ದಾರೆ. ಜಗಳ ಎದ್ದಿರುವುದು ಅದಕ್ಕೆ ಏನು ಹೆಸರು ಬರೆಯಬೇಕು ಎಂದು. ಪಂಚಾಯ್ತಿ ಬೋರ್ಡಿನಲ್ಲಿರುವ ಹೆಸರು ಒಂದು, ಜನ ಕರೆಯುವ ಹೆಸರು ಇನ್ನೊಂದು. ಜಾತಿಯ ಹೆಸರಿನ ವಸತಿಗಳ ಹೆಸರು ಬದಲಿಸಲು ಮಹಾರಾಷ್ಟ್ರ ಸರ್ಕಾರ 2020ರಲ್ಲಿ ತೀರ್ಮಾನಿಸಿತು. 'ಕಾಲೊನಿ' ಎಂಬ ಪದವನ್ನೇ ದಾಖಲೆಗಳಿಂದ ತೆಗೆಯುತ್ತೇವೆ ಎಂದು ತಮಿಳುನಾಡು ಸರ್ಕಾರ 2025ರಲ್ಲಿ ಹೇಳಿತು. ಇದನ್ನು ನಾನು ಹೇಳಿದಮೇಲೆ ಜಗಳ ಇನ್ನೂ ಹೆಚ್ಚಾಯಿತು. ಹಳೆ ಹೆಸರು ಬೇಡವೇ ಬೇಡ, ಅದು ಅವರಿಟ್ಟದ್ದು ಎಂದು ಕೇರಿಯ ಕೆಲವರು. ಹೆಸರು ಬದಲಾಯಿಸಿದರೆ ಚರಂಡಿ ತಿರುಗುತ್ತಾ, ಮೊದಲು ಚರಂಡಿ ತಿರುಗಲಿ, ಆಮೇಲೆ ಹೆಸರು ಎಂದು ಕೇರಿಯವರೇ ಇನ್ನು ಕೆಲವರು. ಊರ ಹುಡುಗರು ಈ ಜಗಳದಲ್ಲಿ ಬಾಯಿ ಹಾಕಲಿಲ್ಲ, ಅದು ಸರಿಯೇ ಅನಿಸಿತು. ಎರಡು ಶನಿವಾರ ಆಯಿತು, ತೀರ್ಮಾನ ಆಗಿಲ್ಲ. ಸದ್ಯಕ್ಕೆ ಆ ಜಾಗದಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು ಖಾಲಿ ಬಿಟ್ಟಿದ್ದಾರೆ, ಎರಡು ಹೆಸರು ಹಿಡಿಸುವಷ್ಟು ಉದ್ದಕ್ಕೆ.